ವೀಲ್‌ಚೇರ್‌ನ ಕುಶನ್, ಬೆನ್ನೊರಗು, ಆಸರೆಗಳ ಜೊತೆ ವಿಮಾನ ಪ್ರಯಾಣ: ಹಂತ ಹಂತವಾಗಿ

ಕೆಲವು ವರ್ಷಗಳ ಹಿಂದೆ ಅಕ್ಕನ ಜೊತೆ ವಿಮಾನ ಹತ್ತುವಾಗ ನಾನು ಒಂದು ತಪ್ಪು ಮಾಡಿದೆ. ಬಾಗಿಲ ಬಳಿ ಅವಳ ವೀಲ್‌ಚೇರನ್ನು ಸಿಬ್ಬಂದಿಯ ಕೈಗೆ ಕೊಡುವಾಗ ಕುಶನ್ ತೆಗೆದುಕೊಳ್ಳಲಿಲ್ಲ. ಇಳಿದಾಗ ಕುರ್ಚಿ ಬಂತು, ಕುಶನ್ ಬರಲಿಲ್ಲ. ಅದು ಸಿಕ್ಕಿದ್ದು ಎರಡು ದಿನದ ಮೇಲೆ. ಆ ಎರಡು ದಿನ ಅವಳು ಮಡಚಿದ ಕಂಬಳಿಯ ಮೇಲೆ ಕೂತಿದ್ದಳು. ಬೆನ್ನುಹುರಿಗೆ ಪೆಟ್ಟಾಗಿರುವುದರಿಂದ ಸೊಂಟದ ಕೆಳಗೆ ಅವಳಿಗೆ ಸ್ಪರ್ಶ ತಿಳಿಯುವುದಿಲ್ಲ. ಎದ್ದ ಕೆಂಪು ಕಲೆ ಹುಣ್ಣಾಯಿತು. ಅದು ಮಾಯುವ ತನಕ ಆರು ವಾರ ಬೋರಲು ಮಲಗಿದಳು.

ವಿಮಾನ ಸಂಸ್ಥೆಯವರ ಕಣ್ಣಿಗೆ ವೀಲ್‌ಚೇರ್ ಎಂದರೆ ಚಕ್ರ, ಚೌಕಟ್ಟು, ಬ್ಯಾಟರಿ. ಕೂತವರ ಚರ್ಮ ಮತ್ತು ಬೆನ್ನುಮೂಳೆಯನ್ನು ಕಾಯುವುದು ಅದರ ಮೇಲಿನ ಕುಶನ್, ಬೆನ್ನೊರಗು, ಪಕ್ಕದ ಆಸರೆ, ಹೆಡ್‌ರೆಸ್ಟ್. ಚೌಕಟ್ಟು ಕೆಟ್ಟರೆ ಬೇರೆ ಕುರ್ಚಿಯಲ್ಲಿ ಎರಡು ದಿನ ದೂಡಬಹುದು. ಅಳತೆ ಕೊಟ್ಟು ಮಾಡಿಸಿದ ಸೀಟು ಕೆಟ್ಟರೆ ಬದಲಿಯೇ ಇಲ್ಲ, ಹೊಸದು ಕೈಸೇರಲು ತಿಂಗಳುಗಳೇ ಬೇಕು. ಹಾಗಾಗಿ ಇಲ್ಲಿ ನಾನು ಬರೆಯುತ್ತಿರುವುದು ಹೆಚ್ಚಾಗಿ ಸೀಟಿನ ಬಗ್ಗೆಯೇ.

ಮೊದಲು ಪಟ್ಟಿ, ಅಳತೆ, ಫೋಟೊ

ಟಿಕೆಟ್ ತೆಗೆಯುವ ಮೊದಲೇ ಒಂದು ಸಂಜೆ ಕೂತು ಕುರ್ಚಿಯಲ್ಲಿ ಏನೇನಿದೆ ಎಂದು ಬರೆದುಕೊಳ್ಳಿ. ಕುಶನ್ ಯಾವ ಬಗೆಯದು (ಗಾಳಿ, ಜೆಲ್, ಫೋಮ್, ಅಥವಾ ಎರಡು ಸೇರಿದ್ದು), ಅದರ ಉದ್ದ, ಅಗಲ, ದಪ್ಪ ಎಷ್ಟು, ಬೆನ್ನೊರಗು ಕಳಚುತ್ತದೆಯೇ, ಯಾವ ಭಾಗಕ್ಕೆ ಅಲೆನ್ ಕೀ (ಆರು ಮೂಲೆಯ ಸ್ಕ್ರೂ ಬಿಚ್ಚುವ ಕೀಲಿ) ಬೇಕು, ಯಾವುದು ಕೈಯಲ್ಲೇ ಬಿಚ್ಚಿಕೊಳ್ಳುತ್ತದೆ. ಪವರ್ ವೀಲ್‌ಚೇರ್ ಆದರೆ ಒಟ್ಟು ತೂಕ, ಮತ್ತು ಬೆನ್ನೊರಗು ಮಡಚಿದಾಗ ಹಾಗೂ ಮಡಚದೆ ಇದ್ದಾಗಿನ ಎತ್ತರ, ಎರಡೂ ಬೇಕು.

ಈ ಎತ್ತರವನ್ನು ಅಲಕ್ಷ್ಯ ಮಾಡಬೇಡಿ. ಬೋಯಿಂಗ್ 737ರ ಸಾಮಾನು ಕೋಣೆಯ ಬಾಗಿಲು 90 ಸೆಂ.ಮೀ.ಗಿಂತ ಸ್ವಲ್ಪ ಗಿಡ್ಡ. ಏರ್‌ಬಸ್ ಎ320ರದು ಸುಮಾರು 120 ಸೆಂ.ಮೀ. ಬಾಗಿಲಿಗಿಂತ ಎತ್ತರದ ಕುರ್ಚಿ ಬಂದರೆ ಕೆಳಗಿರುವ ಕೆಲಸಗಾರರಿಗೆ ಉಳಿಯುವ ದಾರಿ ಅದನ್ನು ಪಕ್ಕಕ್ಕೆ ಮಲಗಿಸುವುದು. ನೂರಕ್ಕೂ ಹೆಚ್ಚು ಕಿಲೋ ತೂಗುವ ಕುರ್ಚಿಯನ್ನು ಮಲಗಿಸಿದಾಗ ಪೂರ್ತಿ ಭಾರ ಬೀಳುವುದು ಆರ್ಮ್‌ರೆಸ್ಟ್, ಜಾಯ್‌ಸ್ಟಿಕ್ ಮತ್ತು ಪಕ್ಕದ ಆಸರೆಗಳ ಮೇಲೆ. ಆದ್ದರಿಂದ ಬುಕ್ ಮಾಡುವಾಗಲೇ ಯಾವ ವಿಮಾನ, ಅದರ ಸಾಮಾನಿನ ಬಾಗಿಲು ಎಷ್ಟು ಎತ್ತರ ಎಂದು ಕೇಳಿ. ನಿಮ್ಮ ಕುರ್ಚಿ ನೆಟ್ಟಗೆ ನಿಂತೇ ಹೋಗದಿದ್ದರೆ ಬೇರೆ ವಿಮಾನ ಹುಡುಕುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ, ಸಮಯ ಅನುಕೂಲವಾಗಿಲ್ಲದಿದ್ದರೂ ಸರಿ.

ಈಗ ಗುರುತು ಹಾಕುವ ಕೆಲಸ. ಹೆಡ್‌ರೆಸ್ಟ್‌ನ ಸಲಾಕೆ ಎಷ್ಟು ಒಳಗೆ ಹೋಗಿದೆ, ಫುಟ್‌ರೆಸ್ಟ್ ಎಷ್ಟು ಕೆಳಗಿದೆ, ಪಕ್ಕದ ಆಸರೆ ಯಾವ ಕೋನದಲ್ಲಿದೆ ಎಂಬುದನ್ನು ಸಣ್ಣ ಬಣ್ಣದ ಟೇಪು ಅಂಟಿಸಿ ಅಥವಾ ಅಳಿಯದ ಮಾರ್ಕರ್‌ನಿಂದ ಗೆರೆ ಎಳೆದು ಗುರುತಿಸಿ. ಒಂದೂವರೆ ಸೆಂ.ಮೀ. ಆಚೀಚೆ ಆದರೂ ಸೊಂಟ ಓರೆಯಾಗಿ ಕೂರುತ್ತದೆ. ಗುರುತು ಇದ್ದರೆ ದಣಿದು ಇಳಿದ ಮೇಲೂ ಹತ್ತು ನಿಮಿಷದಲ್ಲಿ ಸೀಟು ಮೊದಲಿನಂತೆ ಜೋಡಿಸಬಹುದು. ನಂತರ ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆಯಿರಿ, ಜೋಡಣೆ ಇರುವ ಜಾಗಗಳನ್ನು ಹತ್ತಿರದಿಂದ ತೆಗೆಯಿರಿ.

ಬುಕಿಂಗ್ ಮತ್ತು ಫೋನ್

ವೆಬ್‌ಸೈಟಿನಲ್ಲಿ ಒಂದು ಗುಂಡಿ ಒತ್ತಿ ಸುಮ್ಮನಾಗಬೇಡಿ. ಫೋನ್ ಮಾಡಿ ಮಾತಾಡಿ, ಆಮೇಲೆ ಅದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿ, ಉತ್ತರ ಬಂದದ್ದನ್ನು ಮುದ್ರಿಸಿ ಇಟ್ಟುಕೊಳ್ಳಿ. ಹೊರಡುವುದಕ್ಕೆ ಕನಿಷ್ಠ 48 ಗಂಟೆ ಮೊದಲು ತಿಳಿಸಬೇಕೆಂಬುದು ಹೆಚ್ಚಿನ ಕಡೆಯ ರೂಢಿ. ಕುರ್ಚಿಗೆ ವಿಶೇಷ ಸೀಟು ಇದ್ದರೆ ನಾನು ಎರಡು ವಾರ ಮೊದಲೇ ಹೇಳುತ್ತೇನೆ, ಯಾಕೆಂದರೆ ವೈದ್ಯಕೀಯ ವಿಭಾಗದ ಒಪ್ಪಿಗೆ ಬೇಕಾದರೆ ಅದಕ್ಕೇ ಕೆಲವು ದಿನ ಹಿಡಿಯುತ್ತದೆ.

ಸಹಾಯದ ಕೋಡ್‌ಗಳನ್ನು ತಿಳಿದಿದ್ದರೆ ಮಾತು ಸಲೀಸು. ಮೆಟ್ಟಿಲು ಹತ್ತಬಲ್ಲವರಿಗೆ ಡಬ್ಲ್ಯುಸಿಎಚ್‌ಆರ್, ಮೆಟ್ಟಿಲು ಆಗದು ಆದರೆ ವಿಮಾನದೊಳಗೆ ನಡೆಯಬಲ್ಲವರಿಗೆ ಡಬ್ಲ್ಯುಸಿಎಚ್‌ಎಸ್, ಸೀಟಿನವರೆಗೂ ಎತ್ತಿ ಕೂರಿಸಬೇಕಾದವರಿಗೆ ಡಬ್ಲ್ಯುಸಿಎಚ್‌ಸಿ. ಕೊನೆಯದು ಬೇಕಿರುವಾಗ ಮೊದಲನೆಯದು ದಾಖಲಾದರೆ ಬಾಗಿಲಲ್ಲಿ ಎತ್ತುವವರೇ ಇರುವುದಿಲ್ಲ. ಯಾವ ಕೋಡ್ ದಾಖಲಾಗಿದೆ ಎಂದು ಅವರಿಂದಲೇ ಒಮ್ಮೆ ಓದಿಸಿ.

ಫೋನಿನಲ್ಲಿ ಕೇಳಲೇಬೇಕಾದ ಬೇರೆ ಮಾತುಗಳು: ಕುಶನ್ ಅನ್ನು ಕ್ಯಾಬಿನ್ ಒಳಗೆ ತರುತ್ತೇವೆ, ವಿಮಾನದ ಸೀಟಿನ ಮೇಲೆ ಹಾಕಿ ಕೂರುತ್ತೇವೆ, ಅದನ್ನು ಕೈಚೀಲದ ಲೆಕ್ಕಕ್ಕೆ ಸೇರಿಸಬಾರದು. ಆರ್ಮ್‌ರೆಸ್ಟ್ ಮೇಲೆತ್ತಲು ಬರುವ ಸೀಟು ಬೇಕು. ಎಲ್ಲಕ್ಕಿಂತ ಮುಂದಿನ ಸಾಲು ಕೊಡುತ್ತೇವೆ ಎಂದು ಪ್ರೀತಿಯಿಂದ ಹೇಳುತ್ತಾರೆ. ಆದರೆ ಆ ಸಾಲಿನಲ್ಲಿ ಊಟದ ಟ್ರೇ ಆರ್ಮ್‌ರೆಸ್ಟ್ ಒಳಗೇ ಇರುವುದರಿಂದ ಅದು ಹೆಚ್ಚಾಗಿ ಮೇಲೇಳುವುದಿಲ್ಲ. ಪಕ್ಕದಿಂದ ಜರುಗಿಸಿ ಕೂರಿಸಬೇಕಾದವರಿಗೆ ಅದರ ಹಿಂದಿನ ಸಾಲೇ ವಾಸಿ. ಸೀಟುಗಳ ನಡುವೆ ಓಡಾಡುವ ಹಜಾರದ ಬದಿಯ ಎಷ್ಟೋ ಆರ್ಮ್‌ರೆಸ್ಟ್‌ಗಳಿಗೆ ಹಿಂಜ್ ಹತ್ತಿರ ಅಡಿಯಲ್ಲಿ ಸಣ್ಣ ಗುಪ್ತ ಲಿವರ್ ಇರುತ್ತದೆ. ಸಿಬ್ಬಂದಿಗೆ ತಿಳಿಯದಿದ್ದರೆ ಬೆರಳಾಡಿಸಿ ನೀವೇ ಹುಡುಕಿ.

ಅಂತರರಾಷ್ಟ್ರೀಯ ಪ್ರಯಾಣದಲ್ಲಿ ದುಡ್ಡಿನ ಮಾತೂ ಈಗಲೇ ಆಗಬೇಕು. 1999ರ ಮಾಂಟ್ರಿಯಲ್ ಒಪ್ಪಂದದಡಿ ಸಾಮಾನು ಹಾಳಾದರೆ ಸಿಗುವ ಪರಿಹಾರಕ್ಕೆ ಮಿತಿ ಇದೆ. 2024ರ ಡಿಸೆಂಬರ್ 28ರಿಂದ ಅದು ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಪವರ್ ಕುರ್ಚಿಯ ಬೆಲೆಯ ಮುಂದೆ ಇದು ತೀರಾ ಸಣ್ಣ ಮೊತ್ತ. ಅದೇ ಒಪ್ಪಂದ ಒಂದು ದಾರಿಯನ್ನೂ ಕೊಟ್ಟಿದೆ: ಚೆಕ್-ಇನ್ ಹೊತ್ತಿಗೆ ಸಾಮಾನಿನ ನಿಜವಾದ ಬೆಲೆಯನ್ನು ವಿಶೇಷವಾಗಿ ಘೋಷಿಸಿ ಬರೆಸಿದರೆ, ಅಗತ್ಯವಿದ್ದರೆ ಹೆಚ್ಚುವರಿ ಶುಲ್ಕ ಕಟ್ಟಿದರೆ, ಘೋಷಿಸಿದ ಮೊತ್ತದವರೆಗೆ ಸಂಸ್ಥೆ ಹೊಣೆ. ಅಮೆರಿಕದೊಳಗಿನ ಪ್ರಯಾಣದಲ್ಲಾದರೆ ಕುರ್ಚಿಯನ್ನು ಕೊಂಡಾಗಿನ ಬೆಲೆಯವರೆಗೆ ಪರಿಹಾರ ಕೊಡಬೇಕೆಂಬ ನಿಯಮವಿದೆ. ಅಲ್ಲಿನ ವಿಮಾನ ಸಂಸ್ಥೆಗಳು ಹಾಳಾದ ಅಥವಾ ಕಳೆದ ವೀಲ್‌ಚೇರ್, ಸ್ಕೂಟರ್‌ಗಳ ಲೆಕ್ಕವನ್ನು 2018ರ ಡಿಸೆಂಬರ್‌ನಿಂದ ಸರ್ಕಾರಕ್ಕೆ ಒಪ್ಪಿಸುತ್ತಿವೆ. 2023ರಲ್ಲಿ ಆ ಸಂಖ್ಯೆ 11 ಸಾವಿರ ದಾಟಿತ್ತು. ಪ್ರಯಾಣ ವಿಮೆ ಇದ್ದರೂ ಒಂದೊಂದು ವಸ್ತುವಿಗೆ ಎಷ್ಟು ಮಿತಿ ಎಂದು ಓದಿ ನೋಡಿ.

ಬ್ಯಾಟರಿ

ಸಾದಾ ವೀಲ್‌ಚೇರ್ ಇರುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಜೆಲ್ ಅಥವಾ ಎಜಿಎಂ ಬಗೆಯ ಸೋರದ ಬ್ಯಾಟರಿಗಳು ಸಾಮಾನ್ಯವಾಗಿ ಕುರ್ಚಿಯಲ್ಲೇ ಉಳಿಯುತ್ತವೆ. ಲಿಥಿಯಂ ಆದರೆ ವ್ಯಾಟ್-ಅವರ್ ಕೇಳುತ್ತಾರೆ. ವೋಲ್ಟ್ ಅನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಅದು ಸಿಗುತ್ತದೆ: 24 ವೋಲ್ಟ್, 10 ಆಂಪಿಯರ್-ಅವರ್ ಎಂದರೆ 240. ಮಡಚುವ ಹಗುರ ಕುರ್ಚಿಗಳಲ್ಲಿ ಕಳಚಿ ತೆಗೆಯುವ ಬ್ಯಾಟರಿಯನ್ನು ಕ್ಯಾಬಿನ್‌ಗೇ ತರಬೇಕು. ಒಂದಾದರೆ 300 ವ್ಯಾಟ್-ಅವರ್ ಮೀರಬಾರದು, ಎರಡು ಇದ್ದರೆ ಒಂದೊಂದೂ 160 ಮೀರಬಾರದು. ತುದಿಗಳಿಗೆ ಟೇಪು ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿಡಿ. ಪಂಪ್ ಇರುವ, ತಾನೇ ಗಾಳಿ ಬದಲಿಸುವ ವಿದ್ಯುತ್ ಕುಶನ್ ಇದ್ದರೆ ಅದರ ಬ್ಯಾಟರಿಯ ವಿವರವನ್ನೂ ಮರೆಯದೆ ತಿಳಿಸಿ.

ಮನೆಯಲ್ಲೇ ಒಮ್ಮೆ ಕೂತು ನೋಡಿ

ಪ್ರಯಾಣಕ್ಕೆ ಒಂದು ವಾರ ಇರುವಾಗ ಮಾಮೂಲಿ ಕುರ್ಚಿಯೊಂದರ ಮೇಲೆ ಕುಶನ್ ಹಾಕಿ, ವಿಮಾನದಲ್ಲಿ ಕೂರುವ ರೀತಿಯಲ್ಲೇ ಎರಡು ಗಂಟೆ ಕೂರಿಸಿ. ಮುಗಿದ ಮೇಲೆ ಚರ್ಮ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಕ್ಷಣಕಾಲ ಬಿಳಿಚಿಕೊಂಡು ಮತ್ತೆ ಕೆಂಪಾದರೆ, ಅರ್ಧ ಗಂಟೆಯಲ್ಲಿ ಮಾಸಿಹೋದರೆ, ತೊಂದರೆ ಕಡಿಮೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಚರ್ಮಕ್ಕೆ ಆಗಲೇ ಪೆಟ್ಟಾಗಿದೆ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದು ಕಷ್ಟ, ಅಲ್ಲಿ ಬಿಸಿ, ಗಡಸು, ಊತ ಇವನ್ನು ಕೈಯಿಂದ ಮುಟ್ಟಿಯೇ ತಿಳಿಯಬೇಕು. ಈ ಪರೀಕ್ಷೆಯಲ್ಲಿ ಕಲೆ ಎದ್ದರೆ ಫಿಸಿಯೋಥೆರಪಿಸ್ಟ್ ಜೊತೆ ಮಾತಾಡಿ ಕೂರುವ ರೀತಿ ಬದಲಿಸಲು ಇನ್ನೂ ಸಮಯವಿರುತ್ತದೆ.

ಕುಶನ್‌ನ ಅಗಲವನ್ನೂ ನೋಡಿಕೊಳ್ಳಿ. ಎಕಾನಮಿ ಸೀಟಿನ ಎರಡು ಆರ್ಮ್‌ರೆಸ್ಟ್‌ಗಳ ನಡುವೆ ಸಾಮಾನ್ಯವಾಗಿ 43ರಿಂದ 46 ಸೆಂ.ಮೀ. ಜಾಗವಿರುತ್ತದೆ. ಕುಶನ್ ಅದಕ್ಕಿಂತ ಅಗಲವಿದ್ದರೆ ಅಂಚು ಮೇಲೆದ್ದು ತೊಡೆಯನ್ನು ಒತ್ತುತ್ತದೆ. ಆಗ ಪ್ರಯಾಣಕ್ಕೆಂದೇ ಕಿರಿದಾದ ಇನ್ನೊಂದು ಕುಶನ್ ಹೊಂದಿಸಿಕೊಳ್ಳಬೇಕಾಗಬಹುದು.

ಮೈಯ ಅಚ್ಚು ತೆಗೆದು ಮಾಡಿದ ಸೀಟಿನಲ್ಲಿ ಕೂರುವ ಮಕ್ಕಳು, ದೊಡ್ಡವರ ವಿಷಯ ಇನ್ನೂ ಸೂಕ್ಷ್ಮ. ಆ ಅಚ್ಚನ್ನೇ ವಿಮಾನದ ಸೀಟಿಗೆ ಕಟ್ಟಿ ಕೂರಿಸಬಹುದಲ್ಲ ಎಂದು ಎಲ್ಲರಿಗೂ ಹೊಳೆಯುತ್ತದೆ. ವಿಮಾನದಲ್ಲಿ ಬಳಸಲೆಂದು ಪರೀಕ್ಷೆಯಾಗದ ಯಾವುದನ್ನೂ ಟೇಕಾಫ್, ಲ್ಯಾಂಡಿಂಗ್ ಹೊತ್ತಿನಲ್ಲಿ ಸೀಟಿಗೆ ಬಿಗಿಯಲು ಸಾಮಾನ್ಯವಾಗಿ ಬಿಡುವುದಿಲ್ಲ, ಮುಂಚಿತವಾಗಿ ಬರಹದಲ್ಲಿ ಒಪ್ಪಿಗೆ ಬೇಕೇ ಬೇಕು. ಎದೆಗೆ ಪಟ್ಟಿ ಬೇಕಿರುವ ಚಿಕ್ಕ ಮಕ್ಕಳಿಗೆ ಕೇರ್ಸ್ ಎಂಬ ಹಾರ್ನೆಸ್ ಇದೆ, ಅಮೆರಿಕದ ವಿಮಾನಯಾನ ಪ್ರಾಧಿಕಾರದ ಮಾನ್ಯತೆ ಪಡೆದದ್ದು, 10ರಿಂದ 20 ಕಿಲೋ ತೂಕದವರಿಗೆ. ಅದಕ್ಕಿಂತ ದೊಡ್ಡವರಿಗೆ ನನ್ನ ಅನುಭವದಲ್ಲಿ ಹೆಚ್ಚು ನೆರವಾದದ್ದು ಸುತ್ತಿದ ಟವೆಲ್‌ಗಳು: ಸೊಂಟದ ಎರಡೂ ಬದಿಗೆ ಒಂದೊಂದು, ಓರೆಯಾಗುವ ಪಕ್ಕೆಗೆ ಇನ್ನೊಂದು. ಗಾಳಿ ಹೀರಿ ತೆಗೆದರೆ ಮೈಯ ಆಕಾರಕ್ಕೆ ಗಟ್ಟಿಯಾಗುವ ಸಣ್ಣ ಮಣಿಗಳ ದಿಂಬುಗಳೂ ಒಳ್ಳೆಯವು. ಯಾವುದನ್ನು ಎಲ್ಲಿಟ್ಟರೆ ಚೆನ್ನ ಎಂದು ಮನೆಯಲ್ಲೇ ಕಂಡುಕೊಂಡು ಫೋಟೊ ತೆಗೆದಿಡಿ.

ಹಿಂದಿನ ದಿನ

ಏನು ನಿಮ್ಮ ಜೊತೆ ಕ್ಯಾಬಿನ್‌ಗೆ, ಏನು ಕುರ್ಚಿಯಲ್ಲೇ ಎಂಬುದು ಈಗ ನಿರ್ಧಾರವಾಗಬೇಕು. ಕೈಯಲ್ಲಿ ಬಿಚ್ಚಿಕೊಳ್ಳುವ, ಕಳೆದರೆ ಮತ್ತೆ ಸಿಗದ ಎಲ್ಲವೂ ನಿಮ್ಮ ಜೊತೆ: ಕುಶನ್, ಹೆಡ್‌ರೆಸ್ಟ್, ಪಕ್ಕದ ಆಸರೆ, ಪಕ್ಕದ ತಡೆಗಳು, ಸಾಧ್ಯವಾದರೆ ಜಾಯ್‌ಸ್ಟಿಕ್ ಕೂಡ. ಗಟ್ಟಿಯಾದ ದೊಡ್ಡ ಚೀಲವೊಂದನ್ನು ಇದಕ್ಕೇ ಮೀಸಲಿಟ್ಟು, 'ವೈದ್ಯಕೀಯ ಸಾಧನ' ಎಂದು ದಪ್ಪಕ್ಷರದ ಚೀಟಿ ಕಟ್ಟಿ. ಇಂಗ್ಲಿಷಿನಲ್ಲಿಯೂ ಬರೆದಿರಲಿ. ಜಾಯ್‌ಸ್ಟಿಕ್ ಕಳಚಲು ಬಾರದಿದ್ದರೆ ಅದಕ್ಕೆ ಫೋಮ್ ಸುತ್ತಿ, ಒಳಕ್ಕೆ ತಿರುಗಿಸಿ.

ಅಚ್ಚಿನ ಸೀಟು ಸಾಮಾನು ಕೋಣೆಗೇ ಹೋಗಬೇಕಾದರೆ ಅದನ್ನು ಬಿಡಿಬಿಡಿಯಾಗಿ ಕೊಡಬೇಡಿ, ಬುಡದ ಚೌಕಟ್ಟಿನ ಮೇಲೇ ಕೂರಿಸಿ ಕೊಡಿ. ಬಿಡಿ ಫೋಮ್ ಕಂಡರೆ ಅದರ ಮೇಲೆ ಸೂಟ್‌ಕೇಸ್ ಪೇರಿಸುತ್ತಾರೆ. ಒಳಗಿನ ಟೊಳ್ಳಿಗೆ ದಪ್ಪ ಕಂಬಳಿ ತುರುಕಿ, ಹೊರಗೆ ಇನ್ನೊಂದು ಕಂಬಳಿ ಸುತ್ತಿ ಪಟ್ಟಿ ಬಿಗಿಯಿರಿ.

ಕುರ್ಚಿಯ ಬೆನ್ನಿಗೆ ಒಂದು ಲ್ಯಾಮಿನೇಟ್ ಮಾಡಿದ ಹಾಳೆ ಇರಲಿ. ಓದುವವರು ಗದ್ದಲದಲ್ಲಿ, ಅವಸರದಲ್ಲಿ, ಕೈಗವಸು ತೊಟ್ಟು ನಿಂತಿರುತ್ತಾರೆ ಎಂಬುದನ್ನು ನೆನಪಿಟ್ಟು ಬರೆಯಿರಿ. ಚಿತ್ರ ಹೆಚ್ಚು, ಮಾತು ಕಡಿಮೆ:

- ಇಲ್ಲಿ ಹಿಡಿದು ಎತ್ತಿ (ಚಿತ್ರದಲ್ಲಿ ಹಸಿರು ಬಾಣ)
- ಇಲ್ಲಿ ಹಿಡಿಯಬೇಡಿ (ಕೆಂಪು ಅಡ್ಡಗೆರೆ: ಆರ್ಮ್‌ರೆಸ್ಟ್, ಹೆಡ್‌ರೆಸ್ಟ್)
- ತಳ್ಳಲು ಈ ಲಿವರ್ ಹೀಗೆ ತಿರುಗಿಸಿ
- ಮಲಗಿಸಬೇಡಿ, ಮೇಲೆ ಏನನ್ನೂ ಇಡಬೇಡಿ
- ತೂಕ, ಬ್ಯಾಟರಿಯ ಬಗೆ, ಮಾಲೀಕರ ಫೋನ್ ಸಂಖ್ಯೆ

ವೈದ್ಯರು ಅಥವಾ ಥೆರಪಿಸ್ಟ್ ಕೊಟ್ಟ ಪತ್ರದಲ್ಲಿ ಕುಶನ್‌ನ ಹೆಸರೂ, ಹಾರಾಟದುದ್ದಕ್ಕೂ ಅದರ ಮೇಲೆಯೇ ಕೂರಬೇಕೆಂಬ ಮಾತೂ ಇರಲಿ. ಸಣ್ಣ ಕೈಪಂಪು, ತೂತು ಮುಚ್ಚುವ ಕಿಟ್, ಅಲೆನ್ ಕೀ ಹುಡುಕಿಡಿ. ಅಲೆನ್ ಕೀಯನ್ನು ಸೆಕ್ಯುರಿಟಿಯಲ್ಲಿ ತೆಗೆದುಕೊಂಡುಬಿಡಬಹುದು, ಆದ್ದರಿಂದ ಇನ್ನೊಂದು ಜೊತೆ ಚೆಕ್-ಇನ್ ಸಾಮಾನಿನಲ್ಲಿರಲಿ.

ಸೆಕ್ಯುರಿಟಿಯಿಂದ ಬಾಗಿಲವರೆಗೆ

ಚೆಕ್-ಇನ್ ಕೌಂಟರಿನಲ್ಲೇ ಕುರ್ಚಿ ಬಿಡಿ, ನಮ್ಮ ಕುರ್ಚಿಯಲ್ಲಿ ಕರೆದೊಯ್ಯುತ್ತೇವೆ ಎಂದರೆ ಒಪ್ಪಬೇಡಿ. ವಿಮಾನದ ಬಾಗಿಲವರೆಗೆ ಸ್ವಂತ ಕುರ್ಚಿಯಲ್ಲೇ ಬರುತ್ತೇವೆ ಎಂದು ನಯವಾಗಿ, ಗಟ್ಟಿಯಾಗಿ ಹೇಳಿ. ನಿಲ್ದಾಣದ ಕುರ್ಚಿಯ ಗಟ್ಟಿ ರೆಕ್ಸಿನ್ ಮೇಲೆ ಎರಡು ಗಂಟೆ ಕೂರುವುದು ಸಂವೇದನೆ ಇಲ್ಲದ ಚರ್ಮಕ್ಕೆ ಅಪಾಯ.

ಸೆಕ್ಯುರಿಟಿಯಲ್ಲಿ ಕುಶನ್ ಮೇಲೆ ಬಟ್ಟೆಯ ತುಂಡು ಸವರಿ ಸ್ಫೋಟಕದ ಕಣ ಪರೀಕ್ಷಿಸುತ್ತಾರೆ, ಕೈಯಿಂದ ತಡವುತ್ತಾರೆ. ಎದ್ದೇಳಲು ಆಗದು ಎಂದು ಮೊದಲೇ ಹೇಳಿ. ಬೇರೆ ಕೋಣೆ ಬೇಕೆಂದು ಕೇಳಬಹುದು. ಜೆಲ್ ಕುಶನ್ ಕಂಡಾಗ 100 ಮಿ.ಲೀ. ದ್ರವದ ನಿಯಮ ಎತ್ತುವುದುಂಟು. ವೈದ್ಯಕೀಯ ಅಗತ್ಯದ ದ್ರವ, ಜೆಲ್‌ಗೆ ಆ ಮಿತಿಯಿಂದ ವಿನಾಯಿತಿ ಇರುತ್ತದೆ, ಪತ್ರ ತೋರಿಸಿ.

ಬಾಗಿಲ ಹತ್ತಿರ ಕ್ರಮ ಹೀಗಿರಲಿ. ಮೊದಲು ನಿಮ್ಮಲ್ಲೊಬ್ಬರು ಒಳಗೆ ಹೋಗಿ ಆರ್ಮ್‌ರೆಸ್ಟ್ ಎತ್ತಿ, ಬೆಲ್ಟಿನ ಎರಡೂ ತುದಿ ಹೊರಗೆ ಹಾಕಬೇಕು. ಕುಶನ್ ಕೊನೆ ಗಳಿಗೆಯಲ್ಲಿ ಕುರ್ಚಿಯಿಂದ ಹೊರಬಂದು, ಐಲ್ ಚೇರ್ ಒಳಗೆ ಸಾಗುವ ಮುನ್ನ ವಿಮಾನದ ಸೀಟಿನ ಮೇಲೆ ಕೂತಿರಬೇಕು. ಇಕ್ಕಟ್ಟಾದ ಹಜಾರದಲ್ಲಿ ಸಾಗಿಸುವ ಈ ಐಲ್ ಚೇರ್ ತೀರಾ ಕಿರಿದು, ಗಟ್ಟಿ. ಅದರಲ್ಲಿ ಕೂರಿಸಿ ಕಾಯಿಸುವುದು ಬೇಡ, ಸೀಟು ಸಿದ್ಧವಾದ ಮೇಲೆಯೇ ಅದಕ್ಕೆ ವರ್ಗಾಯಿಸಿ ಎಂದು ಹೇಳಿ. ಎತ್ತುವವರಿಗೆ ಎಲ್ಲಿ ಕೈ ಹಾಕಬೇಕು, ಯಾರು ಒಂದು-ಎರಡು-ಮೂರು ಎಣಿಸುತ್ತಾರೆ ಎಂದು ಹೇಳಬೇಕಾದವರು ಕುರ್ಚಿಯಲ್ಲಿರುವವರೇ. ಅಕ್ಕ ಈಗ ಯಾರೂ ಕೇಳುವ ಮೊದಲೇ ಹೇಳಿಬಿಡುತ್ತಾಳೆ.

ಕುರ್ಚಿ ಕೆಳಗೆ ಹೋಗುವ ಮುನ್ನ ಅದರ ಸ್ಥಿತಿಯನ್ನು ವಿಡಿಯೊ ಮಾಡಿ, ಆ ಜಾಗದಲ್ಲೇ, ಸಮಯ ಕಾಣುವಂತೆ.

ಹಾರಾಟದಲ್ಲಿ ಗಾಳಿ ಕುಶನ್

ವಿಮಾನ ಎಷ್ಟೇ ಎತ್ತರದಲ್ಲಿ ಹಾರಲಿ, ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು ಇರುತ್ತದೆ. 2,400 ಮೀಟರ್‌ನಲ್ಲಿ ಅದು ಸಮುದ್ರ ಮಟ್ಟದ ಮುಕ್ಕಾಲು ಪಾಲು. ಮುಚ್ಚಿದ ಚೀಲದಲ್ಲಿರುವ ಗಾಳಿ ಆಗ ಮೂರನೇ ಒಂದು ಭಾಗದಷ್ಟು ಹಿಗ್ಗಲು ಹವಣಿಸುತ್ತದೆ. ರೋಹೋ ಬಗೆಯ, ಬೆರಳಿನಂಥ ಕೋಶಗಳಿರುವ ಗಾಳಿ ಕುಶನ್ ಬಿಗಿದು ಚೆಂಡಿನಂತಾಗುತ್ತದೆ. ಮೂಳೆಗಳು ಅದರೊಳಗೆ ಮುಳುಗದೆ ಮೇಲೇ ನಿಲ್ಲುತ್ತವೆ, ಚರ್ಮದ ಮೇಲೆ ಒತ್ತಡ ಏರುತ್ತದೆ, ದೇಹದ ಸಮತೋಲ ತಪ್ಪಿ ಪಕ್ಕಕ್ಕೆ ವಾಲುತ್ತದೆ.

ವಿಮಾನ ಎತ್ತರಕ್ಕೇರಿ ಬೆಲ್ಟ್ ದೀಪ ಆರಿದ ಕೂಡಲೇ ಕೈಯಿಂದ ಪರೀಕ್ಷಿಸಿ. ಅಂಗೈ ಮೇಲ್ಮುಖ ಮಾಡಿ ಕುಶನ್ ಮತ್ತು ಕುಂಡಿಯ ನಡುವೆ ತೂರಿಸಿ, ಎಲ್ಲಕ್ಕಿಂತ ಕೆಳಗೆ ಚಾಚಿದ ಮೂಳೆ ಹುಡುಕಿ. ಆ ಮೂಳೆಗೂ ಕುಶನ್‌ನ ತಳಕ್ಕೂ ನಡುವೆ ಒಂದೂವರೆಯಿಂದ ಎರಡೂವರೆ ಸೆಂ.ಮೀ. ಗಾಳಿ ಇರಬೇಕು. ಹೆಚ್ಚಿದ್ದರೆ ಕವಾಟ ತಿರುಗಿಸಿ ಸ್ವಲ್ಪ ಸ್ವಲ್ಪವೇ ಬಿಡಿ, ಪ್ರತಿ ಸಲ ಕೈ ಹಾಕಿ ನೋಡಿ.

ಹೆಚ್ಚಿನವರು ಎಡವುವುದು ಇದರ ನಂತರ. ಮೇಲೆ ಗಾಳಿ ಬಿಟ್ಟಿರುತ್ತಾರೆ, ಇಳಿಯುವಾಗ ಮರೆಯುತ್ತಾರೆ. ವಿಮಾನ ಕೆಳಗಿಳಿದಂತೆ ಉಳಿದ ಗಾಳಿ ಕುಗ್ಗಿ, ಚಕ್ರ ನೆಲ ಮುಟ್ಟುವ ಹೊತ್ತಿಗೆ ಮೂಳೆ ಕುಶನ್‌ನ ತಳಕ್ಕೆ ತಾಗಿರುತ್ತದೆ. ಆದ್ದರಿಂದ ಪಂಪು ತಲೆಯ ಮೇಲಿನ ಕಪಾಟಿನಲ್ಲಿ ಬೇಡ, ಮುಂದಿನ ಸೀಟಿನ ಜೇಬಿನಲ್ಲಿರಲಿ. ಇಳಿಯುವ ಪ್ರಕಟಣೆ ಬಂದಾಗ ಒಮ್ಮೆ ತುಂಬಿಸಿ, ಇನ್ನೂ ಇಳಿದಂತೆ ಮತ್ತೊಮ್ಮೆ, ನೆಲದಲ್ಲಿ ನಿಂತ ಮೇಲೆ ಕೊನೆಯ ಸಲ. ತಲುಪುವ ಊರು ಎತ್ತರದ್ದಾದರೆ ಅಲ್ಲಿನ ಲೆಕ್ಕ ಬೇರೆ, ಅಲ್ಲಿ ಕೂತು ಮತ್ತೆ ಹೊಂದಿಸಬೇಕು.

ಜೆಲ್ ಕುಶನ್‌ಗೆ ಈ ಕಾಟವಿಲ್ಲ. ಆದರೆ ನಿಲ್ಲಿಸಿ ಅಥವಾ ಮಡಚಿ ಒಯ್ದಾಗ ಜೆಲ್ ಒಂದು ಮೂಲೆಗೆ ಸೇರಿರುತ್ತದೆ. ಕೂರಿಸುವ ಮೊದಲು ಹಿಟ್ಟು ನಾದಿದಂತೆ ನಾದಿ, ಮೂಳೆ ಬರುವ ಜಾಗಕ್ಕೆ ತನ್ನಿ. ಫೋಮ್‌ಗೆ ಏನೂ ಮಾಡಬೇಕಿಲ್ಲ.

ಕುಶನ್‌ನಿಂದಾಗಿ ಕೂರುವ ಎತ್ತರ ಹೆಚ್ಚಿ ಪಾದಗಳು ನೆಲ ಮುಟ್ಟದೆ ನೇತಾಡುತ್ತವೆ, ಆಗ ತೊಡೆಯ ಹಿಂಭಾಗಕ್ಕೆ ಭಾರ. ಬೆಲ್ಟ್ ದೀಪ ಆರಿದ ಮೇಲೆ ಪಾದದಡಿ ಒಂದು ಮೆತ್ತನೆಯ ಚೀಲ ಇಡಿ, ಇಳಿಯುವ ಮೊದಲು ತೆಗೆಯಿರಿ. ಎತ್ತಲು ಬಳಸಿದ ಬಟ್ಟೆಯ ತೊಟ್ಟಿಲು ಅಡಿಯಲ್ಲೇ ಉಳಿದರೆ ಅದರ ಸುಕ್ಕು, ಹೊಲಿಗೆಗಳನ್ನು ನೇರ ಮಾಡಿ. ಹಿಂಜೇಬಿನ ಪರ್ಸು, ಜೀನ್ಸ್‌ನ ಲೋಹದ ಗುಂಡಿ ಕೂಡ ಗಾಯ ಮಾಡುತ್ತವೆ.

ಪ್ರತಿ 20-30 ನಿಮಿಷಕ್ಕೊಮ್ಮೆ ಭಾರ ಬದಲಿಸಿ: ಒಂದೆರಡು ನಿಮಿಷ ಮುಂದಕ್ಕೆ ಬಾಗಿ, ಆಮೇಲೆ ಎಡಕ್ಕೆ, ಬಲಕ್ಕೆ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಮಾತಿನಲ್ಲಿ, ನಿದ್ದೆಯಲ್ಲಿ ಸಮಯ ಸರಿದುಹೋಗುತ್ತದೆ. ಬಾಗಲಾಗದವರಿಗೆ ಪಕ್ಕದಲ್ಲಿ ಕೂತವರು ಒಂದು ಬದಿಯ ತೊಡೆಯಡಿ ಕೈ ಹಾಕಿ ಎತ್ತಿ ಹಿಡಿದರೂ ಆದೀತು.

ಇಳಿದ ಮೇಲೆ

ಎಲ್ಲರೂ ಇಳಿಯುವ ತನಕ ಕಾಯಬೇಕಾಗುತ್ತದೆ. ಆ ಹೊತ್ತಿನಲ್ಲಿ ಕುರ್ಚಿ ಬಾಗಿಲಿಗೇ ಬರುತ್ತಿದೆಯೇ, ಬ್ಯಾಗೇಜ್ ಬೆಲ್ಟಿಗೆ ಹೋಗಿದೆಯೇ ಎಂದು ವಿಚಾರಿಸಿ. ಕುರ್ಚಿ ಬಾಗಿಲಲ್ಲಿ ಕಣ್ಣಿಗೆ ಬೀಳುವವರೆಗೆ ವಿಮಾನದ ಸೀಟಿನಿಂದ, ಅಂದರೆ ನಿಮ್ಮ ಕುಶನ್ ಮೇಲಿಂದ ಏಳಬೇಡಿ.

ಟೇಪಿನ ಗುರುತು ನೋಡಿ ಎಲ್ಲ ಜೋಡಿಸಿ. ಚಕ್ರ ತಿರುಗಿಸಿ, ಬ್ರೇಕ್ ಹಾಕಿ, ಸೀಟನ್ನು ಹಿಂದಕ್ಕೆ ಬಾಗಿಸಿ, ಜಾಯ್‌ಸ್ಟಿಕ್ ನಾಲ್ಕೂ ಕಡೆ ಒತ್ತಿ ನೋಡಿ. ಏನಾದರೂ ಬಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಕಾಣೆಯಾಗಿದ್ದರೆ ನಿಲ್ದಾಣ ಬಿಡುವ ಮೊದಲೇ ಬ್ಯಾಗೇಜ್ ಕೌಂಟರಿನಲ್ಲಿ ಪಿಐಆರ್ ಎಂಬ ದೂರಿನ ವರದಿ ಬರೆಸಿ ಅದರ ಸಂಖ್ಯೆ ಪಡೆಯಿರಿ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಯ ದೂರನ್ನು ಸಾಮಾನು ಕೈಸೇರಿದ 7 ದಿನದೊಳಗೆ ಬರಹದಲ್ಲಿ ಕೊಡಬೇಕು. ತಡವಾಗಿ ಬಂದದ್ದಕ್ಕೆ 21 ದಿನ. 'ಸಣ್ಣ ಗೀರು ಬಿಡಿ' ಎಂದು ಯಾರಾದರೂ ಸಮಾಧಾನ ಹೇಳಿದರೂ ಬರೆಸಿ. ಸೀಟಿನ ಬುಡದಲ್ಲಿ ಕೂದಲೆಳೆಯಷ್ಟಿದ್ದ ಬಿರುಕು ನಮಗೆ ಮೂರನೆಯ ದಿನ ಪೂರ್ತಿ ಬಿಟ್ಟುಕೊಂಡಿತ್ತು, ವರದಿ ಇದ್ದುದರಿಂದಲೇ ರಿಪೇರಿ ಖರ್ಚು ಸಿಕ್ಕಿತು. ಕುರ್ಚಿ ಬಳಸಲಾಗದಷ್ಟು ಹಾಳಾಗಿದ್ದರೆ ತಾತ್ಕಾಲಿಕ ಕುರ್ಚಿ ಕೇಳಿ, ಅದರ ಮೇಲೆ ನಿಮ್ಮ ಕುಶನ್ ಹಾಕಿಯೇ ಕೂರಿ.

ಉಳಿದುಕೊಳ್ಳುವ ಜಾಗ ತಲುಪಿದ ಮೇಲೆ ಸಾಮಾನು ಬಿಚ್ಚುವುದನ್ನು ಬದಿಗಿಟ್ಟು ಮೊದಲು ಮಲಗಿಸಿ. ಕೂರುವ ಮೂಳೆಗಳು, ಬಾಲದ ಮೂಳೆ, ಹಿಮ್ಮಡಿ, ಬೆನ್ನು ವಿಮಾನದ ಸೀಟಿಗೆ ಒರಗಿದ್ದ ಜಾಗ, ಎಲ್ಲವನ್ನೂ ಒಳ್ಳೆಯ ಬೆಳಕಿನಲ್ಲಿ ನೋಡಿ. ಮಾಸದ ಕಲೆ ಕಂಡರೆ ಆ ಜಾಗದ ಮೇಲೆ ಕೂರಿಸಬೇಡಿ, ಮರುದಿನದ ಕಾರ್ಯಕ್ರಮ ಏನೇ ಇರಲಿ. ಬೆಳಗ್ಗೆ ಮತ್ತೊಮ್ಮೆ ನೋಡಿ, ಆಗಲೂ ಹಾಗೇ ಇದ್ದರೆ ವೈದ್ಯರಿಗೆ ತೋರಿಸಿ.